ಕೊರೊನಾ ಅಂತಲೇ ಬರ್ಕೊಳ್ಳಿ

ಆರೋಗ್ಯ ಇಲಾಖೆಯವರು ಮನೆಗೆ ಬಂದಾಗ 'ನಮಗೆ ಕೊರೊನಾ ಇಲ್ಲ, ಹೋಗಿ' ಎಂದು ಬಾಗಿಲು ಹಾಕಿಕೊಂಡವರನ್ನು ನೀವು ನೋಡಿದ್ದೀರಿ. ಟಿವಿಯವರು ಬೆಳಗಿನಿಂದ ಸಂಜೆಯವರೆಗೆ ಅವರನ್ನೇ ತೋರಿಸುತ್ತಿದ್ದಾರೆ. ಆದರೆ 'ದಯವಿಟ್ಟು ಕೊರೊನಾ ಅಂತಲೇ ಬರ್ಕೊಳ್ಳಿ' ಎಂದು ಕೈಮುಗಿದು ಬೇಡಿಕೊಂಡ ಮನೆಯನ್ನು ಎಲ್ಲಾದರೂ ನೋಡಿದ್ದೀರಾ?

ನೋಡಿಲ್ಲವೆಂದರೆ ಮೈಸೂರಿನ ನಜರ್‌ಬಾದಿಗೆ ಬನ್ನಿ. (ಈಗಲೇ ಹೊರಡಬೇಡಿ, ಪೊಲೀಸರು ಬಿಡುವುದಿಲ್ಲ.) ಅದು ನಮ್ಮದೇ ಮನೆ. ಕೈಮುಗಿದವರು ನಮ್ಮ ದೊಡ್ಡಮ್ಮ. ಕಳೆದ ವಾರ, ಮಟಮಟ ಮಧ್ಯಾಹ್ನ, ಇಡೀ ರಸ್ತೆ ಮಹಡಿಯ ಮೇಲೆ ನಿಂತು ನೋಡುತ್ತಿದ್ದಾಗ ಇದು ನಡೆಯಿತು.

ಯಾಕೆ ಬೇಡಿಕೊಂಡರು ಎಂದು ಹೇಳಬೇಕಾದರೆ ನನ್ನ ತಮ್ಮ ಮುರಳಿಯ ವಿಷಯ ಹೇಳಬೇಕು. ಇಷ್ಟು ವರ್ಷ ಈ ಅಂಕಣದಲ್ಲಿ ನಮ್ಮ ಮನೆಯ ಬೆಕ್ಕಿನಿಂದ ಹಿಡಿದು ನನ್ನ ಮಂಡಿನೋವಿನವರೆಗೆ ಎಲ್ಲವೂ ಬಂದಿದೆ, ಅವನೊಬ್ಬ ಬಂದಿಲ್ಲ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. 'ಇನ್ನೇನು ಬಾಕಿ ಇದೆ ಅಕ್ಕ, ಬರಿ' ಎಂದಿದ್ದಾನೆ.

ನಮ್ಮ ತಾತ ಅರಮನೆಯಲ್ಲಿ ಪುರಾಣ ಓದುತ್ತಿದ್ದವರು. ಆ ಪುರಾಣ ನಿಂತು ಯಾವುದೋ ಕಾಲವಾಯಿತು, ಆದರೆ ನಮ್ಮ ಮನೆತನದ ಪುರಾಣ ಇನ್ನೂ ನಡೆಯುತ್ತಲೇ ಇದೆ. ಅಂಥ ವಂಶದ ಹುಡುಗ ಮಂಡಿ ಮೊಹಲ್ಲಾದಲ್ಲಿ ಮಿಕ್ಸಿ, ಗ್ರೈಂಡರುಗಳ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಅಂಗಡಿ ಇಟ್ಟಾಗಲೇ ದೊಡ್ಡಮ್ಮನಿಗೆ ಅರ್ಧ ಜೀವ ಹೋಗಿತ್ತು. ನೆಂಟರ ಹತ್ತಿರ 'ಎಲೆಕ್ಟ್ರಿಕಲ್ ಲೈನಿನಲ್ಲಿದ್ದಾನೆ' ಎನ್ನುತ್ತಿದ್ದರು. ಯಾರಾದರೂ ಕೆಟ್ಟ ಮಿಕ್ಸಿ ತಂದರೆ ಮಾತ್ರ ಆ ಲೈನು ಎಲ್ಲಿಗೆ ಹೋಗುತ್ತದೆಂದು ಗೊತ್ತಾಗುತ್ತಿತ್ತು.

ಉಳಿದ ಅರ್ಧ ಜೀವ ಹೋಗಿದ್ದು ಸ್ಕೂಟರಿನಿಂದ ಬಿದ್ದು ಅವನ ತೊಡೆಯ ಮೂಳೆ ಮುರಿದ ಮೇಲೆ. ನೋವಿಗೆ ಇಂಜೆಕ್ಷನ್ ಕೊಟ್ಟರು. ಕಾಲು ವಾಸಿಯಾಯಿತು, ಇಂಜೆಕ್ಷನ್ ಉಳಿದುಕೊಂಡಿತು. ಚೀಟಿ ಇಲ್ಲದೆ ಕೊಡುವ ಮೆಡಿಕಲ್ ಅಂಗಡಿ ಯಾವುದು, ಅದೂ ಸಿಗದಿದ್ದಾಗ ಯಾರ ಹತ್ತಿರ ಏನು ಸಿಗುತ್ತದೆ, ಎಲ್ಲವನ್ನೂ ಅವನು ಬಹಳ ಬೇಗ ಕಲಿತ. ಆ ವರ್ಷಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಟ್ಟದ ಮೇಲಿದ್ದ ಅಜ್ಜಿಯ ಕಾಲದ ತಾಮ್ರದ ಹಂಡೆ ಈಗ ಅಲ್ಲಿಲ್ಲ ಎಂದರೆ ನಿಮಗೆ ಅರ್ಥವಾಗುತ್ತದೆ. ಅಂದಿನಿಂದ ದೊಡ್ಡಮ್ಮ ಅವನೊಂದಿಗೆ ನೇರವಾಗಿ ಮಾತು ಬಿಟ್ಟರು. ಏನಿದ್ದರೂ ನನ್ನ ಮೂಲಕ: 'ಊಟಕ್ಕೆ ಬರಬೇಕಂತೆ ಅಂತ ಹೇಳೆ ಅವನಿಗೆ.' ಅವನು ಎರಡಡಿ ದೂರದಲ್ಲೇ ಕೂತಿರುತ್ತಿದ್ದ.

ಆಮೇಲೆ ಒಂದು ದಿನ ಅವನೇ ಸರ್ಕಾರಿ ಆಸ್ಪತ್ರೆಯೊಂದರ ಹಿಂಭಾಗದ ಕೋಣೆಗೆ ಹೋದ. ಅಲ್ಲಿ ಒಂದು ಮಾತ್ರೆ ಕೊಡುತ್ತಾರೆ. ಸೂಜಿಯ ಚಟದವರಿಗೆ ಅದು ಬಿಪಿ ಮಾತ್ರೆ ಇದ್ದ ಹಾಗೆ, ದಿನಾ ತಗೊಂಡರೆ ಮನುಷ್ಯ ಮನುಷ್ಯನಂತೆ ಕೆಲಸಕ್ಕೆ ಹೋಗಿಬರುತ್ತಾನೆ. ಆದರೆ ಬಿಪಿ ಮಾತ್ರೆಯಂತೆ ಕೈಗೆ ಕೊಟ್ಟು ಕಳಿಸುವುದಿಲ್ಲ. ಸಿಸ್ಟರ್ ಎದುರಿಗೆ ಕೂರಬೇಕು. ಅವರು ಮಾತ್ರೆ ಪುಡಿ ಮಾಡಿ ನಾಲಿಗೆಯ ಕೆಳಗೆ ಹಾಕುತ್ತಾರೆ. ಅದು ಕರಗುವ ತನಕ ತುಟಿ ಪಿಟಕ್ಕೆನ್ನದೆ ಕೂತಿರಬೇಕು. ಕೊನೆಗೆ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಬೇಕು. ಯಾರಾದರೂ ಮಾತ್ರೆಯನ್ನು ಬಾಯಲ್ಲೇ ಇಟ್ಟುಕೊಂಡು ಹೋಗಿ ಇನ್ನೊಬ್ಬರಿಗೆ ಮಾರಬಾರದಲ್ಲ, ಅದಕ್ಕೆ ಈ ಕಾವಲು. ನಲವತ್ತು ದಾಟಿದ ಗಂಡಸು, ಅಂಗಡಿ ಯಜಮಾನ, ಎಲ್‌ಕೆಜಿ ಮಗುವಿನಂತೆ 'ಆ' ಮಾಡಿ ತೋರಿಸಿ, ಆಮೇಲೆ ಅಂಗಡಿ ಬಾಗಿಲು ತೆಗೆಯುತ್ತಿದ್ದ. ಮೂರು ವರ್ಷ, ಒಂದು ದಿನ ಬಿಡದೆ. ಈ ಮೂರು ವರ್ಷದಲ್ಲಿ ಅವನು ಸೂಜಿ ಮುಟ್ಟಿಲ್ಲ.

ನಾನು ಎರಡು ತಿಂಗಳ ವಾಕಿಂಗನ್ನು ಮೂರು ವರ್ಷದಿಂದ ಪ್ರಾರಂಭಿಸುತ್ತಲೇ ಇದ್ದೇನೆ. ಇರಲಿ.

ಅಷ್ಟರಲ್ಲಿ ಲಾಕ್‌ಡೌನ್ ಬಂತು. ನಮ್ಮ ಯಜಮಾನರು ಮಗಳ ಮನೆಗೆಂದು ಶಿವಮೊಗ್ಗಕ್ಕೆ ಹೋದವರು ಅಲ್ಲೇ ಸಿಕ್ಕಿಹಾಕಿಕೊಂಡರು. (ಬಹಳ ಬೇಜಾರಂತೆ. ಫೋನಿನಲ್ಲಿ ಹಿಂದಿನಿಂದ ಬೋಂಡಾ ಕರಿಯುವ ಸದ್ದು ಕೇಳಿಸುತ್ತಿರುತ್ತದೆ.) ಮನೆಯಲ್ಲಿ ಉಳಿದವರು ನಾನು, ಮುರಳಿ ಮತ್ತು ದೊಡ್ಡಮ್ಮ. ಅಂಗಡಿ ಮುಚ್ಚಿತು, ಆದರೆ ಮಾತ್ರೆಗೆ ರಜೆ ಇಲ್ಲ. ಒಂದೆರಡು ದಿನ ತಪ್ಪಿದರೆ ಮೈಯೆಲ್ಲ ಮುರಿಯಲು ಶುರುವಾಗುತ್ತದೆ. ಅದು ಶುರುವಾದರೆ ಕಾಲು ತಾನಾಗಿ ಹಳೆಯ ದಾರಿ ಹಿಡಿಯುತ್ತದೆ ಎಂದು ಅವನೇ ಹೇಳುತ್ತಾನೆ.

ಹಾಗಾಗಿ ದಿನಾ ಬೆಳಿಗ್ಗೆ ಹೊರಡುತ್ತಿದ್ದ. ವೃತ್ತದಲ್ಲಿ ಒಬ್ಬರು ಪೊಲೀಸ್ ಪೇದೆ.

"ಎಲ್ಗಪ್ಪ ಸವಾರಿ?"

"ಆಸ್ಪತ್ರೆಗೆ ಸಾರ್."

"ಏನಾಗದೆ?"

ಏನೆಂದು ಹೇಳಬೇಕು? ರಸ್ತೆಯ ನಡುವೆ, ಲಾಠಿಯ ಎದುರು, ನಿಜ ಹೇಳುವುದಕ್ಕೆ ಹರಿಶ್ಚಂದ್ರನಾದರೂ ಎರಡು ಸಲ ಯೋಚಿಸುತ್ತಿದ್ದ. ಮುರಳಿ 'ಹಲ್ಲು ನೋವು' ಎಂದ. ಅವತ್ತು ಬಿಟ್ಟರು. ಮರುದಿನವೂ ಹಲ್ಲು ನೋವು. ಅದರ ಮರುದಿನವೂ. ವಾರದ ಕೊನೆಗೆ ಪೇದೆಯವರು, "ದಿನಕ್ಕೊಂದ್ ಅಲ್ಲು ಕೀಳುಸ್ಕೊತಿದೀಯಾ? ಬಾಯಿ ತಗಿ, ಎಷ್ಟು ಉಳ್ದವೆ ನೋಡ್ತೀನಿ" ಎಂದರಂತೆ. ಇವನು ಮಾಸ್ಕ್ ಕೆಳಗಿಳಿಸಿ ಬಾಯಿ ತೆರೆದ. ಮಾಸ್ಕ್ ಇಳಿಸಿದ್ದಕ್ಕೆ ಕಾಲಿಗೆ ಒಂದು ಏಟು ಬಿತ್ತು. ಮುರಿದು ಕೂಡಿದ ಕಾಲಿಗೇ.

ಆಸ್ಪತ್ರೆಯಲ್ಲಿ ಇನ್ನೂ ಚೆನ್ನಾಗಿತ್ತು. ಗೇಟಿನಲ್ಲಿ ಬೋರ್ಡು: ಆವರಣದಲ್ಲಿ ಮಾಸ್ಕ್ ತೆಗೆಯುವಂತಿಲ್ಲ. ಒಳಗೆ ಸಿಸ್ಟರ್: "ಮಾಸ್ಕ್ ತೆಗೀರಿ, ನಾಲಿಗೆ ಎತ್ತಿ." ಎತ್ತಿದರೆ ಸೆಕ್ಯುರಿಟಿಯವನು ಕಿಟಕಿಯಿಂದ ಕೂಗುತ್ತಾನೆ. ಎತ್ತದಿದ್ದರೆ ಮಾತ್ರೆ ಕರಗಿಸಿದನೋ, ಕೆನ್ನೆಯಲ್ಲಿ ಇಟ್ಟುಕೊಂಡನೋ ಸಿಸ್ಟರಿಗೆ ಗೊತ್ತಾಗುವುದು ಹೇಗೆ? ನಡುವೆ ಆರಡಿ ಅಂತರ ಬೇರೆ. ಆರಡಿ ದೂರದಿಂದ ನಾಲಿಗೆಯ ಕೆಳಗೆ ನೋಡಲು ಸಿಸ್ಟರ್ ಬೈನಾಕ್ಯುಲರ್ ಕೇಳಿ ಅರ್ಜಿ ಹಾಕಿಲ್ಲ ಎನ್ನುವುದೇ ದೊಡ್ಡದು.

ಕೊನೆಗೆ ಮೇಲಿನವರಿಗೆ ಬುದ್ಧಿ ಬಂತು. (ಇಂಥದ್ದನ್ನು ಬರೆಯುವ ಅವಕಾಶ ಅಂಕಣಕಾರರಿಗೆ ಅಪರೂಪ, ಹಾಗಾಗಿ ಒತ್ತಿ ಬರೆಯುತ್ತಿದ್ದೇನೆ.) ಮಾತ್ರೆಯನ್ನು ವಾರಕ್ಕಾಗುವಷ್ಟು ಮನೆಗೇ ಕೊಡಬಹುದು, ಆದರೆ ಮನೆಯವರೊಬ್ಬರು ಜವಾಬ್ದಾರಿ ಹೊರಬೇಕು ಎಂದರು. ಆ ಒಬ್ಬರು ನಾನು. ಮುರಳಿಯ ಜೊತೆ ಹೋಗಿ ನಿಂತೆ. ಸಿಸ್ಟರ್ ನನಗೆ ಪಾಠ ಮಾಡಿದರು.

"ನೀವು ಎದುರಿಗೇ ಕೂತು ಹಾಕಿಸ್ಬೇಕು ಮೇಡಂ. ಪುಡಿ ಮಾಡಿ ನಾಲಿಗೆ ಕೆಳಗೆ. ಪೂರ್ತಿ ಕರಗೋ ತನಕ, ಕರಗಿದ್ಮೇಲೂ ಸ್ವಲ್ಪ ಹೊತ್ತು, ಬಾಯಿಗೆ ಏನೂ ಹಾಕ್ಕೋಬಾರ್ದು. ಮಾತೂ ಬೇಡ."

"ಏನೂ ಹಾಕ್ಕೊಳಲ್ಲ ಸಿಸ್ಟರ್, ನಾನು ನೋಡ್ಕೋತೀನಿ" ಎಂದೆ. ಮುರಳಿಯೂ ತಲೆಯಾಡಿಸಿದ. ಮೂರು ವರ್ಷದಿಂದ ಅದನ್ನೇ ಕೇಳಿದವನು ಅವನು.

ಹೀಗೆ ನಮ್ಮ ಮನೆ ಸರ್ಕಾರದ ಉಪಕೇಂದ್ರವಾಯಿತು. ಮಾತ್ರೆಗಳು ಬೀರುವಿನ ಲಾಕರಿನಲ್ಲಿ ಅಮ್ಮನ ಓಲೆಗಳ ಪಕ್ಕ ಕೂತವು. ಪುಡಿ ಮಾಡಲು ದೊಡ್ಡಮ್ಮನ ಅಡಿಕೆ ಕುಟ್ಟಾಣಿ ಕೇಳಿದೆ. 'ಅದನ್ನ ಮುಟ್ಟಿದ್ರೆ ನೋಡು' ಎಂದರು. ಎರಡು ಚಮಚಗಳ ನಡುವೆ ಒತ್ತಿ ಪುಡಿ ಮಾಡಿದೆ. ಹಜಾರದಲ್ಲಿ ಅವನು ಒಂದು ಕುರ್ಚಿ, ನಾನು ಒಂದು ಕುರ್ಚಿ. ಎದುರಿಗೆ ಒಬ್ಬ ಗಂಡಸು ಬಾಯಿ ಮುಚ್ಚಿಕೊಂಡು ಕೂತು ನಾನು ಹೇಳುವುದನ್ನೆಲ್ಲ ಕೇಳುವ ಭಾಗ್ಯ ನನಗೆ ಮದುವೆಯಾದ ಇಷ್ಟು ವರ್ಷದಲ್ಲಿ ಇದೇ ಮೊದಲು. ದೇಶದ ಆರ್ಥಿಕತೆ, ಬದನೆಕಾಯಿ ಬೆಲೆ, ಅವನ ಗಡ್ಡ, ಎಲ್ಲದರ ಮೇಲೂ ಭಾಷಣ ಮಾಡಿದೆ.

ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಇಷ್ಟು ವರ್ಷ ಅವನು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾನೆ, ಏನು ಮಾಡುತ್ತಾನೆ ಎಂದು ಅವರು ಕೇಳಿದವರಲ್ಲ. ಈಗ ಕಣ್ಣೆದುರೇ ನಡೆಯುತ್ತಿದೆ. ಮೊದಲ ದಿನ ಸುಮ್ಮನೆ ನೋಡಿದರು. ಎರಡನೆಯ ದಿನ, "ಕಹಿನೇನೇ ಅದು?" ಎಂದು ನನ್ನನ್ನು ಕೇಳಿದರು. ಕಹಿ ಎಂದೆ. ಮೂರನೆಯ ದಿನ ಅವರೇ ಒಳಗಿನಿಂದ ಬಂದರು. ಮಡಿಸೀರೆ, ಒದ್ದೆ ಕೂದಲು, ಕೈಯಲ್ಲಿ ಲೋಟ ಡಬರಾ. ನನ್ನ ಕೈಗೆ ಕೊಡಲಿಲ್ಲ, 'ಅವನಿಗೆ ಕೊಡೆ' ಎನ್ನಲಿಲ್ಲ. ನೇರವಾಗಿ ಅವನ ಮುಂದೆ ಚಾಚಿದರು.

"ತಗೋ. ಕುಡಿ. ಕಹಿ ಹೋಗತ್ತೆ."

ಮುರಳಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಿಲ್ಲ, ನನಗೆ ಕಣ್ಣು ತುಂಬಿತ್ತು. ಅವನು ಎದ್ದು ನಿಂತು ಎರಡೂ ಕೈಯಲ್ಲಿ ತಗೊಂಡು ಕುಡಿದ. ಅಂದಿನಿಂದ ದಿನಾ ಪುಡಿ ಬಾಯಿಗೆ ಬಿದ್ದ ಎರಡನೇ ನಿಮಿಷಕ್ಕೆ ಕಾಫಿ ಹಾಜರು. ನನಗೂ ಒಂದು ಲೋಟ ಬರುತ್ತಿತ್ತು. ಎಲ್ಲ ಎಷ್ಟು ಸರಿಹೋಯಿತಲ್ಲ ಎಂದುಕೊಂಡೆ. ಕೊರೊನಾ ಕೂಡ ಒಂದು ಒಳ್ಳೆಯ ಕೆಲಸ ಮಾಡಿತು ಎಂಬ ಅರ್ಥದ ಒಂದು ಭಾವುಕ ಅಂಕಣವನ್ನೂ ಮನಸ್ಸಿನಲ್ಲೇ ಬರೆದು ಮುಗಿಸಿದ್ದೆ. (ನೀವು ಬಚಾವಾದಿರಿ.)

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಮುರಳಿ ಆಕಳಿಸುತ್ತ ಎದ್ದ. ಆಕಳಿಕೆ ನಿಲ್ಲಲೇ ಇಲ್ಲ. ಮೂಗು ಸೋರಲು ಶುರುವಾಯಿತು. ಕಣ್ಣಲ್ಲಿ ನೀರು. ಅಂಥ ಸೆಖೆಯಲ್ಲೂ ಮೈಮೇಲೆ ಮುಳ್ಳು. ಕಾಲು ಸೆಳೆತ. ಬೆವರು, ಜೊತೆಗೆ ನಡುಕ. ನೀವಾಗಿದ್ದರೆ ಏನೆಂದುಕೊಳ್ಳುತ್ತಿದ್ದಿರಿ? ನಾನೂ ಅದನ್ನೇ ಅಂದುಕೊಂಡೆ. ಸೆರಗು ಮೂಗಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ.

"ಇದು ಅದಲ್ಲ ಅಕ್ಕ," ಎಂದ. "ಇದು ನಂಗೊತ್ತಿರೋದು. ಮಾತ್ರೆ ತಪ್ಪಿಸಿದ್ರೆ ಹಿಂಗಾಗೋದು."

"ತಪ್ಪಿಸಿಲ್ವಲ್ಲೋ."

"ಅದೇ ಗೊತ್ತಾಗ್ತಿಲ್ಲ."

ಅವನ ಮುಖದಲ್ಲಿ ನಾನು ಕಂಡದ್ದು ಭಯ. ನನ್ನ ಮನಸ್ಸಿಗೆ ಬಂದದ್ದು ಅನುಮಾನ. ಇವನು ನಾಲಿಗೆಯ ಕೆಳಗಿದ್ದುದನ್ನು ನನ್ನ ಕಣ್ಣು ತಪ್ಪಿಸಿ ಉಗಿದು, ಬೇರೆ ಏನೋ ಶುರುಮಾಡಿರಬಹುದೇ? ಮೂರು ವರ್ಷ ದಿನಾ ಬಾಯಿ ತೆರೆದು ತೋರಿಸಿದವನ ಮೇಲೆ ಅನುಮಾನ ಬರಲು ಮೂರು ನಿಮಿಷವೂ ಬೇಕಾಗಲಿಲ್ಲ. ಅದು ಅವನಿಗೂ ಗೊತ್ತಾಯಿತು. ಗಾಳಿಗೆಂದು ಹೋಗಿ ವರಾಂಡದ ಮೆಟ್ಟಿಲ ಮೇಲೆ ಶಾಲು ಹೊದ್ದು ಕೂತ.

ಆ ದಿನ ನಮ್ಮ ಬಡಾವಣೆಗೆ ಹಬ್ಬದ ದಿನ. ವಾರಗಟ್ಟಲೆ ಮುಚ್ಚಿದ್ದ ವೈನ್ ಶಾಪುಗಳು ಅವತ್ತು ತೆರೆದವು. ಮೂಲೆಯ ಅಂಗಡಿಯ ಷಟರಿಗೆ ಮಾವಿನೆಲೆ ಕಟ್ಟಿ, ಕರ್ಪೂರ ಹಚ್ಚಿ, ಈಡುಗಾಯಿ ಒಡೆದರು. ನೆಲದ ಮೇಲೆ ಬಿಳಿ ಬಣ್ಣದಲ್ಲಿ ವೃತ್ತಗಳು. ಬಿಸಿಲು ತಾಳದವರು ವೃತ್ತದಲ್ಲಿ ತಮ್ಮ ಬದಲು ಚಪ್ಪಲಿ ಬಿಟ್ಟು ನೆರಳಿಗೆ ಹೋಗಿದ್ದರು. ಹಲ್ಲು ಎಣಿಸುತ್ತಿದ್ದ ಅದೇ ಪೇದೆಯವರನ್ನು ಅಲ್ಲಿಗೆ ಹಾಕಿದ್ದರು. 'ನಿಧಾನ ಸಾರ್, ಎಲ್ಲಾರ್ಗೂ ಸಿಕ್ತದೆ' ಎಂದು ಪ್ರೀತಿಯಿಂದ ಹೇಳುತ್ತಿದ್ದರು. ಯಾರನ್ನೂ ಏನಾಗದೆ ಎಂದು ಕೇಳಲಿಲ್ಲ. ರಾಜ್ಯದ ಬೊಕ್ಕಸ ತುಂಬಿಸಲು ಬಿಸಿಲಲ್ಲಿ ನಿಂತವರಿಗೆ ಹಲ್ಲು ನೋವು ಎಲ್ಲಿಂದ ಬರಬೇಕು?

ಆ ದೇಶಸೇವಕರ ಸಾಲಿನಲ್ಲಿ ನಮ್ಮ ಎದುರುಮನೆಯ ಸತ್ಯಪ್ರಕಾಶರೂ ಇದ್ದರು. ನಿವೃತ್ತ ಸೂಪರಿಂಟೆಂಡೆಂಟ್. ರಸ್ತೆಯ ವಾಟ್ಸಾಪ್ ಗ್ರೂಪಿನ ಅಡ್ಮಿನ್. 'ನಮ್ಮ ಆರೋಗ್ಯ ನಮ್ಮ ಕೈಯಲ್ಲಿ' ಎಂಬ ಸಂದೇಶವನ್ನು ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಸಮೇತ ಕಳಿಸುವವರು. ಆ ಹೊತ್ತು ಅವರ ಆರೋಗ್ಯ ನಿಜವಾಗಿಯೂ ಅವರ ಕೈಯಲ್ಲಿತ್ತು, ಎರಡು ಬಟ್ಟೆಚೀಲಗಳಲ್ಲಿ, ಖಣಖಣ ಎನ್ನುತ್ತ. ಗೇಟು ತೆಗೆಯುವಾಗ ಅವರಿಗೆ ಎದುರಿನ ಮೆಟ್ಟಿಲ ಮೇಲೆ ನಡುಗುತ್ತ ಮೂಗು ಒರೆಸಿಕೊಳ್ಳುತ್ತಿದ್ದ ಮುರಳಿ ಕಂಡ. ಚೀಲಗಳನ್ನು ಮಗುವನ್ನು ಮಲಗಿಸುವ ಹಾಗೆ ಕೆಳಗಿಟ್ಟು ಹೆಲ್ಪ್‌ಲೈನಿಗೆ ಫೋನ್ ಮಾಡಿದರು.

ಮಧ್ಯಾಹ್ನದ ಹೊತ್ತಿಗೆ ಆಂಬುಲೆನ್ಸ್ ಬಂತು. ನಮ್ಮ ರಸ್ತೆಗೆ ಯಾವ ಸರ್ಕಾರಿ ವಾಹನವೂ ಇಷ್ಟು ಬೇಗ ಬಂದದ್ದು ನನಗೆ ನೆನಪಿಲ್ಲ. ತಲೆಯಿಂದ ಪಾದದವರೆಗೆ ಬಿಳಿ ಪ್ಲಾಸ್ಟಿಕ್ ತೊಟ್ಟ ಇಬ್ಬರು ಇಳಿದರು. ಒಬ್ಬರು ಡಾಕ್ಟರು, ಧ್ವನಿಯಿಂದ ಹೆಂಗಸು ಎಂದು ಗೊತ್ತಾಯಿತು. ಗೇಟಿನ ಹೊರಗೇ ನಿಂತು ಕೇಳಿದರು.

"ಯಾವಾಗಿಂದ ಇದೆ?"

"ಬೆಳಿಗ್ಗೆಯಿಂದ," ಎಂದೆ.

"ಜ್ವರ, ಮೈಕೈ ನೋವು, ನೆಗಡಿ. ಕರ್ಕೊಂಡ್ ಹೋಗ್ಬೇಕಾಗುತ್ತೆ. ರಿಪೋರ್ಟ್ ಬರೋ ತನಕ, ಒಂದ್ನಾಲ್ಕು ದಿನ, ಕ್ವಾರಂಟೈನ್ ಹಾಸ್ಟೆಲ್‌ನಲ್ಲಿ ಇಟ್ಟಿರ್ತೀವಿ. ಎರಡು ಜೊತೆ ಬಟ್ಟೆ ಕೊಡಿ, ಸಾಕು. ಬೇರೇನೂ ತರೋ ಹಾಗಿಲ್ಲ."

ಬೇರೇನೂ ತರುವ ಹಾಗಿಲ್ಲ. ಅಂದರೆ ಲಾಕರಿನಲ್ಲಿದ್ದ ಮಾತ್ರೆ ಇಲ್ಲೇ. ಹಾಸ್ಟೆಲಿನಲ್ಲಿ ಯಾರಿಗೆ ಗೊತ್ತು, ಯಾರು ಕೊಡುತ್ತಾರೆ? ಹೇಳದೆ ಹೋದರೆ ಮಾತ್ರೆ ಇಲ್ಲ. ಮಾತ್ರೆ ಇಲ್ಲದ ನಾಲ್ಕು ದಿನ ಎಂದರೆ ಮೂರು ವರ್ಷ ನೀರಿಗೆ ಬಿದ್ದಂತೆ. ಹೇಳಿದರೆ? ಮಹಡಿಗಳ ಮೇಲೆ ಇಡೀ ರಸ್ತೆ ನಿಂತಿತ್ತು. ಮಾತಾಡಬೇಕಾದವಳು ನಾನು. ವಾರಕ್ಕೊಮ್ಮೆ ಸಾವಿರಾರು ಜನರಿಗೆ ಧೈರ್ಯವಾಗಿ ಬುದ್ಧಿ ಹೇಳುವ ನಿಮ್ಮ ಅಂಕಣಕಾರ್ತಿ ಗೇಟಿನ ಚಿಲಕ ನೋಡುತ್ತ ನಿಂತಳು.

ಆಗ ದೊಡ್ಡಮ್ಮ ಹಿಂದಿನಿಂದ ಬಂದರು. ನನ್ನ ಬಾಯಿಂದ ಏನು ಬರಬಹುದೆಂದು ಅವರಿಗೆ ಅಂದಾಜಾಗಿತ್ತು. ಡಾಕ್ಟರ ಕಡೆ ಕೈಮುಗಿದರು.

"ಕೊರೊನಾನೇ ಕಣಮ್ಮ. ಇನ್ನೇನೂ ಅಲ್ಲ. ದಯವಿಟ್ಟು ಕೊರೊನಾ ಅಂತ್ಲೇ ಬರ್ಕೊಳ್ಳಿ."

ಡಾಕ್ಟರು ಗಾಬರಿಯಾದರು. ಅವರು ಅಷ್ಟು ದಿನದಲ್ಲಿ ಬೈಗುಳ ಕೇಳಿದ್ದರು, ಒಂದೆರಡು ಕಡೆ ಕಲ್ಲೂ ಬಿದ್ದಿತ್ತಂತೆ. ಈ ಥರ ಸ್ವಾಗತ ಇದೇ ಮೊದಲು.

ದೊಡ್ಡಮ್ಮನ ಲೆಕ್ಕಾಚಾರಕ್ಕೆ ನಗಬೇಡಿ. ಕೊರೊನಾ ವಿಮಾನದಲ್ಲಿ ಬಂದ ಕಾಯಿಲೆ. ದೊಡ್ಡದೊಡ್ಡವರಿಗೆ ಬಂದಿದೆ. ವಿದೇಶದಲ್ಲಿ ಪ್ರಧಾನಿಗೇ ಬಂದಿತ್ತೆಂದು ಪೇಪರಿನಲ್ಲಿ ಓದಿದ್ದರು. ಅರಮನೆಯಲ್ಲಿ ಪುರಾಣ ಓದಿದವರ ಮನೆಗೆ ಬಂದರೆ ಅದರಲ್ಲಿ ಅವಮಾನವೇನು? ಮುರಳಿಯದು ಅಂಥ ಕುಲೀನ ಕಾಯಿಲೆಯಲ್ಲ.

ಮೆಟ್ಟಿಲ ಮೇಲಿಂದ ಮುರಳಿ ಎದ್ದ. ಕಂಬ ಹಿಡಿದುಕೊಂಡು ನಿಂತ. ಕೂಗಲಿಲ್ಲ, ಆದರೆ ಲಾಕ್‌ಡೌನಿನ ರಸ್ತೆಯಲ್ಲಿ ಸಣ್ಣ ಮಾತೂ ದೂರ ಹೋಗುತ್ತದೆ.

"ಕೊರೊನಾ ಅಲ್ಲ ಮೇಡಂ. ನಾನು ಮೊದ್ಲು ಇಂಜೆಕ್ಷನ್ ತಗೋತಿದ್ದೆ. ನಶೆದು. ಬಿಟ್ಟು ಮೂರು ವರ್ಷ ಆಯ್ತು. ಆಸ್ಪತ್ರೆಯಿಂದ ದಿನಾ ಮಾತ್ರೆ ಕೊಡ್ತಾರೆ. ಅದ್ಯಾಕೋ ಸರಿಯಾಗಿ ಹಿಡೀತಿಲ್ಲ. ನನ್ನ ಕರ್ಕೊಂಡೋಗಿ, ಪರವಾಗಿಲ್ಲ. ಮಾತ್ರೆ ಜೊತೇಲಿ ತರಕ್ಕೆ ಬಿಡಿ."

ಕೊರೊನಾ ಎಂದಾಗ ಗೇಟಿನ ಹೊರಗೆ ಆರಡಿ ದೂರದಲ್ಲಿ ನಿಂತಿದ್ದ ಸತ್ಯಪ್ರಕಾಶರು ಈ ಮಾತು ಕೇಳಿದ್ದೇ ತಮ್ಮ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸೂಜಿಯ ಚಟ ಗಾಳಿಯಲ್ಲಿ ಹರಡುತ್ತದೆಂದು ಅವರಿಗೆ ಯಾವ ಗ್ರೂಪಿನಲ್ಲಿ ಬಂದಿತ್ತೋ. ಮಹಡಿಯ ಮೇಲಿದ್ದ ಹೆಂಗಸರು ಮಕ್ಕಳನ್ನು ಒಳಗೆ ಕರೆದರು.

ಡಾಕ್ಟರು ಮಾತ್ರ ಒಂದು ಹೆಜ್ಜೆ ಮುಂದೆ ಬಂದರು. "ನಿಮ್ಮ ಆಸ್ಪತ್ರೆಯವ್ರ ನಂಬರ್ ಇದ್ಯಾ? ಫೋನ್ ಮಾಡಿ, ಸ್ಪೀಕರ್ ಹಾಕಿ."

ಸಿಸ್ಟರ್ ಫೋನ್ ತೆಗೆದರು. ನಾನು ಎಲ್ಲ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಮಾತ್ರೆ ಹಾಕಿದ್ಮೇಲೆ ಏನಾದ್ರೂ ಕುಡಿದ್ರಾ?"

"ಏನೂ ಇಲ್ಲ ಸಿಸ್ಟರ್," ಎಂದೆ ನಾನು.

"ನೀರು?"

"ತೊಟ್ಟೂ ಇಲ್ಲ," ಎಂದರು ದೊಡ್ಡಮ್ಮ. "ನಾನೇ ನಿಂತು ನೋಡಿದೀನಿ. ಒಂದು ಲೋಟ ಕಾಫಿ, ಅಷ್ಟೇ."

ಫೋನಿನ ಆ ಕಡೆ ಸಿಸ್ಟರ್ ಹಣೆ ಚಚ್ಚಿಕೊಂಡ ಸದ್ದು ಸ್ಪೀಕರಿನಲ್ಲೂ ಕೇಳಿಸಿತು.

ಹಳೇ ಮೈಸೂರಿನ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮಂಥ ಮನೆಗಳಲ್ಲಿ 'ಏನೂ' ಎನ್ನುವುದರಲ್ಲಿ ಕಾಫಿ ಸೇರುವುದಿಲ್ಲ. ದೊಡ್ಡಮ್ಮ ಏಕಾದಶಿಯ ದಿನ ನಿರಾಹಾರ, ಕಾಫಿ ಮಾತ್ರ ನಾಲ್ಕು ಸಲ. ಶ್ರಾದ್ಧದ ದಿನ ಬ್ರಾಹ್ಮಣರ ಊಟವಾಗುವ ತನಕ ಹಲ್ಲಿಗೆ ಏನೂ ತಾಗಿಸುವಂತಿಲ್ಲ, ಕಾಫಿ ಹಲ್ಲಿಗೆ ತಾಗುವುದಿಲ್ಲವಲ್ಲ. ಹಿಂದೊಮ್ಮೆ ಶುಗರ್ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಾಗ ಸಕ್ಕರೆ ಹಾಕಿದ ಕಾಫಿ ಕುಡಿದು ಹೋಗಿ, ಬಂದ ರಿಪೋರ್ಟ್ ನೋಡಿ ಇಡೀ ಮನೆ ಅತ್ತಿತ್ತು. ಸರ್ಕಾರ ಬೋರ್ಡು ಬರೆಸುವಾಗ 'ಏನೂ ಸೇವಿಸಬಾರದು, ಮೈಸೂರಿನವರು ಕಾಫಿಯನ್ನೂ' ಎಂದು ಬರೆಸುವುದು ಒಳ್ಳೆಯದು.

ಆ ಮಾತ್ರೆ ನಾಲಿಗೆಯ ಕೆಳಗೆ ಕರಗಿ ರಕ್ತಕ್ಕೆ ಸೇರಬೇಕು. ಹೊಟ್ಟೆಗೆ ಹೋದರೆ ಕೆಲಸಕ್ಕೆ ಬರುವುದು ಅಲ್ಪಸ್ವಲ್ಪ. ಎರಡೇ ನಿಮಿಷಕ್ಕೆ ಬಿಸಿ ಕಾಫಿ ಹುಯ್ದರೆ ಪುಡಿಯೆಲ್ಲ ಡಿಕಾಕ್ಷನ್ ಜೊತೆ ಕೆಳಗೆ ಹೋಗುತ್ತದೆ. ಒಂದು ವಾರದಿಂದ ನನ್ನ ತಮ್ಮ ಅರ್ಧಂಬರ್ಧ ಔಷಧದಲ್ಲಿ ಬದುಕಿದ್ದ, ಸರ್ಕಾರ ನೇಮಿಸಿದ ಮೇಲ್ವಿಚಾರಕಿಯ ಕಣ್ಣೆದುರೇ. ಆಕೆ ಆಗ ಬದನೆಕಾಯಿ ಬೆಲೆಯ ಬಗ್ಗೆ ಮಾತಾಡುತ್ತಿದ್ದಳು.

"ನಿಮ್ಗಾದ್ರೂ ಗೊತ್ತಾಗ್ಬಾರ್ದಾ ಮುರಳಿ?" ಎಂದು ಸಿಸ್ಟರ್ ಗದರಿದರು. "ಮೂರು ವರ್ಷ ಬಡ್ಕೊಂಡಿದೀನಲ್ರೀ."

ಅವನು ದೊಡ್ಡಮ್ಮನ ಕಡೆ ನೋಡಿ ತಲೆ ತಗ್ಗಿಸಿದ.

"ಗೊತ್ತಿತ್ತು ಸಿಸ್ಟರ್. ಕಾಫಿಯಿಂದ ಏನಾಗತ್ತೆ ಅಂದ್ಕೊಂಡೆ. ಅವ್ರು ನನ್ನ ಕೈಗೆ ಏನಾದ್ರೂ ಕೊಟ್ಟು ಎಷ್ಟೋ ವರ್ಷ ಆಗಿತ್ತು. ಬೇಡ ಅನ್ನೋದೆಂಗೆ?"

ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ನನಗೆ ಅವನ ಹತ್ತಿರ ಹೋಗಬೇಕೆನ್ನಿಸಿತು, ಹೋಗುವ ಹಾಗಿರಲಿಲ್ಲ. ಬೆಳಗಿನ ಅನುಮಾನ ನೆನಪಾಗಿ ಮೈಯೆಲ್ಲ ನಾಚಿಕೆಯಾಯಿತು.

ಸಿಸ್ಟರೂ ಡಾಕ್ಟರೂ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಗಂಟಲ ದ್ರವ ತೆಗೆದುಕೊಂಡು, ರಿಪೋರ್ಟ್ ಬರುವ ತನಕ ಹಿಂದಿನ ರೂಮಿನಲ್ಲೇ ಇರಲಿ, ಮಾತ್ರೆ ನಡೆಯಲಿ ಎಂದರು. ಗೇಟಿಗೆ ಒಂದು ಟೇಪು ಕಟ್ಟಿ ಹೋದರು. ಹೋಗುವಾಗ ಡಾಕ್ಟರು ಆ ಪ್ಲಾಸ್ಟಿಕ್ ಒಳಗಿಂದಲೇ ಮುರಳಿಗೆ, "ಮೂರು ವರ್ಷ ಕಷ್ಟ. ಚೆನ್ನಾಗ್ ಮಾಡಿದೀರ" ಎಂದರು. ಅವರ ಮುಖ ನಮಗೆ ಕಾಣಲಿಲ್ಲ. ಕಂಡಿದ್ದ ಮುಖಗಳಲ್ಲಿ ಯಾರೂ ಹಾಗೆ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆಯಿಂದ ಉಪಕೇಂದ್ರದ ಆಡಳಿತ ಬದಲಾಗಿದೆ. ನನ್ನನ್ನು ತೆಗೆದುಹಾಕಿ ದೊಡ್ಡಮ್ಮ ತಾವೇ ಕುರ್ಚಿ ಎಳೆದುಕೊಂಡರು. ಹಿಂದಿನ ರೂಮಿನ ಹೊಸ್ತಿಲಾಚೆ, ಮೂಗಿಗೆ ಸೆರಗು, ಕೈಯಲ್ಲಿ ಜಪಸರ. ಅಡಿಕೆ ಕುಟ್ಟಾಣಿ ಈಗ ಮುರಳಿಯ ಮಾತ್ರೆಗೆ ಮೀಸಲು. ಅವನ ಬಾಯಲ್ಲಿ ಪುಡಿ ಕರಗುವ ತನಕ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಕೊನೆಗೆ, "ಎತ್ತೋ ನಾಲಿಗೆ. ಇನ್ನೂ ಮೇಲೆ. ಆ ಕಡೆ ತೋರ್ಸು" ಎನ್ನುತ್ತಾರೆ. ಎರಡು ದಿನಕ್ಕೆ ಅವನ ನಡುಕ ನಿಂತಿತು, ನಾಲ್ಕನೆಯ ದಿನಕ್ಕೆ ಊಟ ಸೇರಿತು. ರಿಪೋರ್ಟ್ ಬಂತು. ನೆಗೆಟಿವ್.

ಗೇಟಿನ ಟೇಪು ಬಿಚ್ಚಿದರು. ರಸ್ತೆಯವರ ಟೇಪು ಬಿಚ್ಚಲಿಲ್ಲ. ಸೊಪ್ಪಿನವಳು ನಮ್ಮ ಮನೆಯನ್ನು ಹಾರಿಸಿ ಮುಂದೆ ಹೋಗುತ್ತಾಳೆ. ವಾಟ್ಸಾಪ್ ಗ್ರೂಪಿನಲ್ಲಿ 'ಮಕ್ಕಳ ಭವಿಷ್ಯದ ದೃಷ್ಟಿಯಿಂದ' ಎಂದು ಶುರುವಾಗುವ ಉದ್ದನೆಯ ಸಂದೇಶ ಬಂತು. ಅಂಥವರನ್ನು ಬೇರೆಲ್ಲಾದರೂ ಇಡುವುದು ಸೂಕ್ತ ಎಂಬುದು ಸಾರಾಂಶ. ಕಳಿಸಿದ ಸಮಯ ಸಂಜೆ, ಸತ್ಯಪ್ರಕಾಶರ ಬಟ್ಟೆಚೀಲ ಖಾಲಿಯಾಗುವ ಹೊತ್ತು. ಅಕ್ಷರಗಳು ಅಲ್ಲಲ್ಲಿ ತೂರಾಡಿದ್ದವು. ನಾನು ಉತ್ತರ ಬರೆಯುವಷ್ಟರಲ್ಲಿ ನನ್ನನ್ನು ಗ್ರೂಪಿನಿಂದ ತೆಗೆದಿದ್ದರು.

ಮೊನ್ನೆ ಪಕ್ಕದ ರಸ್ತೆಯ ಔಷಧ ಕಂಪನಿಯ ಹುಡುಗನೊಬ್ಬ ಕೊರೊನಾ ಗೆದ್ದು ಮನೆಗೆ ಬಂದ. ನಿಜವಾದ ಕೊರೊನಾ, ಪಾಸಿಟಿವ್. ಎರಡೂ ರಸ್ತೆಯವರು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ತಟ್ಟೆ ಬಡಿದರು. ಆರತಿ ಎತ್ತಿದರು. ಸತ್ಯಪ್ರಕಾಶರು ಹಾರ ಹಿಡಿದು ಎಲ್ಲರಿಗಿಂತ ಮುಂದಿದ್ದರು. ಒಳ್ಳೆಯದೇ ಮಾಡಿದರು, ಹುಡುಗ ಕಷ್ಟಪಟ್ಟು ಬಂದಿದ್ದಾನೆ.

ನಾನೂ ಮುರಳಿಯೂ ನಮ್ಮ ಕಾಂಪೌಂಡಿನೊಳಗೆ ನಿಂತು ನೋಡುತ್ತಿದ್ದೆವು. ಮುರಳಿಯೂ ಚಪ್ಪಾಳೆ ತಟ್ಟಿದ. ಸದ್ದೆಲ್ಲ ನಿಂತ ಮೇಲೆ ಗೇಟಿನ ಕಂಬಿ ಹಿಡಿದ.

"ನಂಗೂ ಪಾಸಿಟಿವ್ ಬಂದಿದ್ರೆ ಚೆನ್ನಾಗಿತ್ತಕ್ಕ," ಎಂದ. "ಹದಿನಾಲ್ಕು ದಿನ ಆದ್ಮೇಲೆ ವಾಸಿಯಾಯ್ತು ಅಂತ ಎಲ್ಲಾರೂ ಒಪ್ಕೋತಿದ್ರು."

ಮೂರು ವರ್ಷದ ಹಿಂದೆ ವಾಸಿಯಾದವನ ಕ್ವಾರಂಟೈನ್ ಎಷ್ಟು ದಿನದ್ದು ಎಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತೇ?